ಡಿಸೆಂಬರ್ ತಿಂಗಳ ಕೆಲಸ ಮಕ್ಕಳ ಕೈಯಿಂದಲೇ ಆಗಲಿ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಕೋಲಾರದ ಎಷ್ಟೋ ಶಾಲೆಗಳ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದೇ ಬಗೆಯ ಸಂದೇಶ ಬರತೊಡಗುತ್ತದೆ. 24ನೇ ತಾರೀಖು ಮಗು ಕೆಂಪು ಬಟ್ಟೆ ತೊಟ್ಟು, ಸಾಂತಾ ಟೋಪಿ ಹಾಕಿಕೊಂಡು ಬರಬೇಕು. ಜೊತೆಗೆ ಮನೆಯಲ್ಲಿ ಮಾಡಿದ ಒಂದು ಕ್ರಿಸ್ಮಸ್ ಕ್ರಾಫ್ಟ್ ತರಬೇಕು. ಒಂದನೇ, ಎರಡನೇ ತರಗತಿಯ ಮಟ್ಟಿಗೆ ಈ ಕ್ರಾಫ್ಟ್ ಎಂದರೆ ತಾಯಿ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮಾಕೋಲಿಗೆ ಹತ್ತಿ ಅಂಟಿಸಿ ಮಾಡಿದ ಗಿಡ, ಇಲ್ಲವೇ ಸ್ಟೇಷನರಿ ಅಂಗಡಿಯಿಂದ ಸಿದ್ಧವಾಗಿ ತಂದ ನಕ್ಷತ್ರ ಎಂಬುದು ಟೀಚರಿಗೂ ಗೊತ್ತು, ಪೋಷಕರಿಗೂ ಗೊತ್ತು. ಈ ಜಿಲ್ಲೆಯಲ್ಲಿ ಹಲವು ವರ್ಷಗಳಿಂದ ಸಣ್ಣ ತರಗತಿಗಳಿಗೆ ಪಾಠ ಮಾಡುತ್ತಿರುವ ನನಗೆ ಇದನ್ನು ನೋಡಿ ನೋಡಿ ಮನಸ್ಸಿಗೆ ಸಂಕಟವಾಗಿದೆ. ಶಾಲೆಯಲ್ಲಿ ಕ್ರಿಸ್ಮಸ್ ಬೇಡ ಎಂದು ನಾನು ಹೇಳುತ್ತಿಲ್ಲ. ಆರು, ಏಳು, ಎಂಟು ವರ್ಷದ ಮಕ್ಕಳಿಗೆ ಓದು, ಬರಹ, ಲೆಕ್ಕ, ಪರಿಸರ ಎಲ್ಲವನ್ನೂ ಒಟ್ಟಿಗೆ ಕಲಿಸಬಹುದಾದ ಇಷ್ಟು ಒಳ್ಳೆಯ ವಾರ ವರ್ಷದಲ್ಲಿ ಇನ್ನೊಂದಿಲ್ಲ. ಅದನ್ನು ಬಾಡಿಗೆ ಬಟ್ಟೆಗೂ ಫೋಟೋಗೂ ಒಪ್ಪಿಸಿ ಕೂರಬಾರದು ಎಂಬುದಷ್ಟೇ ನನ್ನ ಮಾತು.

ನಮ್ಮ ರಾಜ್ಯದ ಶಾಲಾ ವರ್ಷದಲ್ಲಿ ಮೊದಲ ಅವಧಿ ದಸರಾ ರಜೆಗೆ ಮುಂಚೆ, ಎರಡನೆಯದು ಏಪ್ರಿಲ್ 10ರ ಸುಮಾರಿಗೆ ಮುಗಿಯುತ್ತದೆ. ಕ್ರೈಸ್ತ ಆಡಳಿತದ ಶಾಲೆಗಳು ಕ್ರಿಸ್ಮಸ್ ರಜೆ ಕೇಳಿದರೆ ದಸರಾ ರಜೆಯಲ್ಲಿ ಅಷ್ಟು ದಿನ ಕಡಿತ ಮಾಡಿ ಕೊಡುವ ಪದ್ಧತಿ ಇದೆ. ಉಳಿದ ಬಹುತೇಕ ಶಾಲೆಗಳಿಗೆ 25ರಂದು ಒಂದು ದಿನ ರಜೆ, ಅಷ್ಟೇ. ಆದರೂ ಡಿಸೆಂಬರ್ ಮೂರನೆಯ ವಾರಕ್ಕೆ ಅವಧಿ ಮುಗಿದ ಹಾಗೆಯೇ ಒಂದು ಸಡಿಲಿಕೆ ಬಂದುಬಿಡುತ್ತದೆ. ಮೂರನೆಯ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಅವಧಿಯ ನಡುವಿನ ಕಿರುಪರೀಕ್ಷೆ, ಮುಗಿದಿರುತ್ತದೆ ಅಥವಾ ಮುಗಿಯುವ ಹಂತದಲ್ಲಿರುತ್ತದೆ, ಬೆಳಗಿನ ಚಳಿಗೆ ಮಕ್ಕಳು ತಡವಾಗಿ ಬರುತ್ತಾರೆ, ಹೊಸ ಪಾಠ ಆರಂಭಿಸಲು ಟೀಚರುಗಳಿಗೂ ಮನಸ್ಸಿರುವುದಿಲ್ಲ. ಈ ಸಡಿಲಿಕೆಯೇ ನಮಗೆ ಸಿಕ್ಕಿರುವ ಅವಕಾಶ ಎಂದು ನಾನು ತಿಳಿದಿದ್ದೇನೆ.

ಮೊದಲು ರಾಗಿಯ ವಿಷಯ ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ನನಗೆ ತೋರುವುದಿಲ್ಲ. ಕ್ರೈಸ್ತರ ಮನೆಗಳಲ್ಲಿ ಯೇಸು ಹುಟ್ಟಿದ ಗೋದಲಿಯನ್ನು ಕಟ್ಟುವಾಗ ಅದರ ಸುತ್ತ ಹಸಿರು ಹುಲ್ಲು ಕಾಣಲೆಂದು ಎರಡು ವಾರ ಮುಂಚೆಯೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸುವ ರೂಢಿ ಉಂಟು. ಈ ಕೆಲಸವನ್ನು ತರಗತಿಗೆ ತಂದರೆ ಒಬ್ಬೊಬ್ಬ ಮಗುವಿಗೂ ಬೇಕಾಗುವುದು ಒಂದು ತೆಂಗಿನ ಚಿಪ್ಪು, ಎರಡು ಹಿಡಿ ಕೆಮ್ಮಣ್ಣು, ಸ್ವಲ್ಪ ಜರಡಿ ಹಿಡಿದ ಗೊಬ್ಬರ ಮತ್ತು ಒಂದು ಚಿಟಿಕೆ ರಾಗಿ. ರಾತ್ರಿ ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಬೆರಳ ತುದಿಯಿಂದ ನೀರು ಚಿಮುಕಿಸಿ, ಮೊಳಕೆ ಕಾಣುವವರೆಗೆ ಒದ್ದೆ ಗೋಣಿಚೀಲ ಮುಚ್ಚಿಡಬೇಕು. ನಾಲ್ಕೈದು ದಿನಕ್ಕೆ ಸೂಜಿಮೊನೆಯಷ್ಟು ಹಸಿರು ಏಳುತ್ತದೆ. ಆ ದಿನ ಬೆಳಗ್ಗೆ ಮಕ್ಕಳು ಬ್ಯಾಗು ಇಳಿಸುವ ಮೊದಲೇ ಚಿಪ್ಪುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಾರೆ. ಯಾರ ಚಿಪ್ಪಿನಲ್ಲಿ ಹೆಚ್ಚು ಬಂದಿದೆ, ಯಾರದು ಇನ್ನೂ ಬಂದಿಲ್ಲ, ಬಾರದಿರುವುದಕ್ಕೆ ನೀರು ಹೆಚ್ಚಾಯಿತೋ ಮಣ್ಣು ದಪ್ಪವಾಯಿತೋ ಎಂಬ ಚರ್ಚೆಯನ್ನು ಅವರೇ ಆರಂಭಿಸುತ್ತಾರೆ. ಒಂದನೇ ತರಗತಿಯವರು ಪೈರನ್ನು ಬೆರಳಿನಲ್ಲಿ ಅಳೆಯುತ್ತಾರೆ, ಮೂರನೆಯವರು ಸ್ಕೇಲು ಹಿಡಿದು ಸೆಂಟಿಮೀಟರಿನಲ್ಲಿ ಬರೆದಿಡುತ್ತಾರೆ. ಪಕ್ಕದ ಮಗುವಿನ ಬೆರಳಿನಲ್ಲಿ ಅಳೆದರೆ ಲೆಕ್ಕ ಏಕೆ ಬೇರೆಯಾಗುತ್ತದೆ ಎಂಬ ಪ್ರಶ್ನೆ ಬಂದಾಗ ಸ್ಕೇಲಿನ ಅಗತ್ಯವನ್ನು ನಾವು ಹೇಳಿಕೊಡುವ ಪ್ರಮೇಯವೇ ಬರುವುದಿಲ್ಲ. ಒಂದು ಚಿಪ್ಪನ್ನು ಬೀರುವಿನೊಳಗೆ ಕತ್ತಲಲ್ಲಿ ಇಟ್ಟು ನೋಡಿದರೆ ಅದರ ಪೈರು ಬಿಳಿಚಿಕೊಂಡು, ಹಳದಿಯಾಗಿ, ಉದ್ದುದ್ದ ಬೆಳೆದು ಬಾಗಿರುತ್ತದೆ. ಗಿಡಕ್ಕೆ ಬಿಸಿಲು ಬೇಕು ಎಂಬ ಪಾಠದ ಸಾಲನ್ನು ಹತ್ತು ಸಲ ಕಾಪಿ ಬರೆಸುವ ಕೆಲಸ ಅಲ್ಲಿಗೆ ತಪ್ಪುತ್ತದೆ. ಚಿಪ್ಪಿನ ಪಕ್ಕದಲ್ಲಿ ಪ್ರತಿದಿನ ಒಂದು ವಾಕ್ಯ ಬರೆಯಲು ಹೇಳಿ. ಎರಡನೇ ತರಗತಿಯ ಮಗುವಿನ ಎರಡು ವಾರದ ವಾಕ್ಯಗಳನ್ನು ಸಾಲಾಗಿ ಓದಿದರೆ ಆ ಮಗುವಿನ ಬರಹ ಎಲ್ಲಿದೆ ಎಂಬುದು ಯಾವ ಪ್ರಶ್ನೆಪತ್ರಿಕೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಕಥೆಯ ವಿಷಯದಲ್ಲೂ ನಾವು ದೂರ ಹೋಗಬೇಕಾಗಿಲ್ಲ. ಲೂಕನ ಸುವಾರ್ತೆಯಲ್ಲಿ ಮಗು ಹುಟ್ಟಿದ ಸುದ್ದಿ ಮೊದಲು ತಲುಪುವುದು ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ರಾಗಿ ಕೊಯ್ಲಾದ ಮೇಲೆ ಹೊಲಕ್ಕೆ ಗೊಬ್ಬರವಾಗಲೆಂದು ಕುರಿಮಂದೆ ನಿಲ್ಲಿಸಿ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುವವರನ್ನು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಈ ಕಥೆ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ನಮ್ಮ ತಾತನೂ ಹಿಂಗೇ ಮಂದೆ ಹತ್ರ ಮಲಗ್ತಾನೆ, ನರಿ ಬರ್ತದೆ ಅಂತ” ಎಂದ. ಅಲ್ಲಿಂದ ಮುಂದೆ ಆ ಕಥೆಯನ್ನು ಹೇಳಿದವನು ಅವನೇ. ಮಂದೆಯಲ್ಲಿ ನಾಯಿ ಎಲ್ಲಿ ಮಲಗುತ್ತದೆ, ಮರಿಗಳನ್ನು ಎಲ್ಲಿ ಕೂಡುತ್ತಾರೆ, ರಾತ್ರಿ ಬೆಂಕಿ ಎಲ್ಲಿ ಹಾಕುತ್ತಾರೆ ಎಂಬುದನ್ನು, ತರಗತಿಯಲ್ಲಿ ಸಾಮಾನ್ಯವಾಗಿ ಬಾಯಿ ಬಿಡದ ಆ ಮಗು, ಬಿಡಿಸಿ ಬಿಡಿಸಿ ಹೇಳಿತು. ಮನೆಯಲ್ಲಿ ತೆಲುಗು, ಉರ್ದು, ತಮಿಳು ಮಾತನಾಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ನಮ್ಮ ಗಡಿ ಜಿಲ್ಲೆಯಲ್ಲಿ ಹೀಗೆ ಧೈರ್ಯವಾಗಿ ಕನ್ನಡದಲ್ಲಿ ನಾಲ್ಕು ಮಾತಾಡುವುದು ಸಣ್ಣ ಸಾಧನೆಯಲ್ಲ. ಅರ್ಥವೇ ಆಗದ ಇಂಗ್ಲಿಷ್ ಹಾಡೊಂದನ್ನು ಸ್ಪೀಕರಿನಲ್ಲಿ ಹಾಕಿ, ಒಂದು ವಾರ ಅದಕ್ಕೆ ಹೆಜ್ಜೆ ಹಾಕಿಸುವುದರಿಂದ ಇದು ಆಗುವುದಿಲ್ಲ.

ಕೆ.ಜಿ.ಎಫ್. ಕಡೆಯ ಮಕ್ಕಳಿಗೆ ಇನ್ನೊಂದು ಎಳೆ ಸಿಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಮೂಡಣದಿಂದ ಬಂದ ಜ್ಞಾನಿಗಳು ಮಗುವಿಗೆ ಚಿನ್ನ, ಧೂಪ, ರಕ್ತಬೋಳ ಎಂಬ ಸುಗಂಧದ ಅಂಟು ಕೊಡುತ್ತಾರೆ. ಬಂದವರು ಎಷ್ಟು ಮಂದಿ ಎಂದು ಅಲ್ಲಿ ಹೇಳಿಲ್ಲ. ಕಾಣಿಕೆ ಮೂರಿದ್ದುದರಿಂದ ಜನರೂ ಮೂವರು ಎಂಬ ರೂಢಿ ಬೆಳೆಯಿತು. ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಎಷ್ಟೋ ಮಕ್ಕಳ ಅಜ್ಜಂದಿರು ಚಿನ್ನದ ಗಣಿಗೆ ಇಳಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಹುಟ್ಟಿದ ತಂದೆ ತಾಯಿಯರೂ ಈಗ ಇದ್ದಾರೆ. ಚಿನ್ನ ಎಲ್ಲಿಂದ ಬರುತ್ತದೆ ಎಂದು ಅಜ್ಜನನ್ನು ಕೇಳಿಕೊಂಡು ಬನ್ನಿ ಎಂದು ಆ ಮಕ್ಕಳಿಗೆ ಹೇಳಿದರೆ, ಮರುದಿನ ಅವರು ತರುವ ಉತ್ತರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಸಿಗುವಂಥದ್ದಲ್ಲ.

ನಕ್ಷತ್ರವನ್ನು ಅಂಗಡಿಯಿಂದ ತರುವ ಬದಲು ಮೂರನೇ ತರಗತಿಯ ಮಕ್ಕಳಿಂದ ಕಟ್ಟಿಸಬಹುದು. ಮೇದಾರರಲ್ಲಿ ಹೇಳಿದರೆ ಒಂದೇ ಅಳತೆಯ ಬಿದಿರು ಕಡ್ಡಿಗಳನ್ನು ಸೀಳಿ, ಅಂಚು ಸವರಿ ಕೊಡುತ್ತಾರೆ. ಐದು ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡ ಬರುವಂತೆ ಜೋಡಿಸಿ ತುದಿಗಳನ್ನು ದಾರದಿಂದ ಬಿಗಿದರೆ ಒಂದು ನಕ್ಷತ್ರ. ಅಂಥವು ಎರಡನ್ನು ಸೇರಿಸಿ ಐದು ತುದಿಗಳಲ್ಲಿ ಕಟ್ಟಿ, ಒಳಗೆ ಕಡ್ಡಿಗಳು ಕೂಡುವ ಐದು ಕಡೆ ಗೇಣಿಗಿಂತ ಚಿಕ್ಕ ಕಡ್ಡಿಗಳನ್ನು ಸಿಕ್ಕಿಸಿದರೆ ಅದು ಉಬ್ಬಿ ನಿಲ್ಲುತ್ತದೆ. ಉದ್ದದ ಕಡ್ಡಿ ಹತ್ತು, ಚಿಕ್ಕವು ಐದು. ನಾಲ್ಕು ಗುಂಪುಗಳಿಗೆ ಒಟ್ಟು ಎಷ್ಟು ಕಡ್ಡಿ ತರಿಸಬೇಕು ಎಂಬ ಲೆಕ್ಕವನ್ನು ಮಕ್ಕಳೇ ಮಾಡಲಿ, ಕಡಿಮೆ ಬಿದ್ದರೆ ಎಲ್ಲಿ ತಪ್ಪಿತು ಎಂದು ಅವರೇ ಹುಡುಕಲಿ. ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ಮಕ್ಕಳು ಅಂಟಿಸಿದ ಕಾಗದ ಸುಕ್ಕಾಗಿರುತ್ತದೆ, ಒಂದು ಮೂಲೆ ಹರಿದೂ ಇರುತ್ತದೆ. ಟೀಚರುಗಳು ಸಂಜೆ ಕೂತು ಅದನ್ನು ಬಿಚ್ಚಿ ನೀಟಾಗಿ ಅಂಟಿಸಲು ಹೋಗಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸುಕ್ಕಾದ ಆ ಕಾಗದವೇ ಮಗುವಿನ ಕೆಲಸ.

ಕ್ರಿಸ್ಮಸ್‌ನಲ್ಲಿ ಇಷ್ಟೊಂದು ದೀಪ ಏಕೆ ಎಂದು ಮಕ್ಕಳು ಕೇಳುತ್ತಾರೆ. ಡಿಸೆಂಬರ್ 21, 22ರ ಸುಮಾರಿಗೆ ನಮಗೆ ವರ್ಷದ ಅತಿ ಚಿಕ್ಕ ಹಗಲು. ಆದರೂ ಕೋಲಾರದಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಬೆಳಕಿರುತ್ತದೆ. ಅದೇ ದಿನ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಚಳಿಗಾಲದ ಅಷ್ಟುದ್ದದ ಕತ್ತಲೆಯಲ್ಲಿ ಬೆಳೆದ ಹಬ್ಬಕ್ಕೆ ಮೇಣದಬತ್ತಿ ಎಷ್ಟು ಮುಖ್ಯ ಎಂಬುದು ಇದನ್ನು ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಅಂದು ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟರೆ ನೆರಳು ಸುಮಾರು 74 ಸೆಂಟಿಮೀಟರ್ ಬೀಳುತ್ತದೆ. ಏಪ್ರಿಲ್ 10ರಂದು ಅದೇ ಕೋಲು, ಅದೇ ಹೊತ್ತು, ನೆರಳು ಬರೀ 9 ಸೆಂಟಿಮೀಟರ್. ಡಿಸೆಂಬರಿನ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟರೆ, ಬೇಸಿಗೆ ರಜೆಗೆ ಹೊರಡುವ ದಿನ ಮಕ್ಕಳು ತಾವಾಗಿಯೇ ಕೋಲು ಹುಡುಕುತ್ತಾರೆ.

ಹತ್ತಿಯ ಹಿಮದ ಬಗ್ಗೆ ನನಗೆ ಬಲವಾದ ತಕರಾರಿದೆ. ಹಿಮವನ್ನು ಕಂಡೇ ಇರದ ಮಕ್ಕಳ ಚಿತ್ರಗಳಲ್ಲಿ ಮನೆಯ ಮಾಡಿನ ಮೇಲೆಲ್ಲ ಹಿಮ ಬಿದ್ದಿರುತ್ತದೆ, ಆದರೆ ಅದೇ ಬೆಳಗ್ಗೆ ಅಂತರಗಂಗೆ ಬೆಟ್ಟವನ್ನು ಮುಚ್ಚಿದ್ದ ಮಂಜು, ರಾಗಿ ಮೆದೆ, ಅವರೆಕಾಯಿ ರಾಶಿ, ಜೇಡರ ಬಲೆಯ ಮೇಲಿನ ಇಬ್ಬನಿ ಯಾವುದೂ ಇರುವುದಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಸರ್ವೆ ಮರದ ಕೊಂಬೆಯನ್ನೇ ನೆಟ್ಟು ಸಿಂಗರಿಸುತ್ತಾರೆ. ಶಾಲೆಗೆ ಪ್ಲಾಸ್ಟಿಕ್ ಮರವೇ ಆಗಬೇಕೆಂದೇನಿಲ್ಲ. ಸಾಂತಾ ಎಂದು ನಾವು ಕರೆಯುವವರ ಹಿಂದೆ ಇಂದಿನ ಟರ್ಕಿ ದೇಶದಲ್ಲಿದ್ದ ಮೈರಾ ಪಟ್ಟಣದ ನಾಲ್ಕನೇ ಶತಮಾನದ ಬಿಷಪ್ ಸಂತ ನಿಕೋಲಾಸ್ ಇದ್ದಾರೆ, ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದರೆಂದು ಅವರ ಬಗ್ಗೆ ಕಥೆಗಳಿವೆ. ಅಂಥವರ ವೇಷಕ್ಕೆಂದು, ತರಕಾರಿ ಮಂಡಿಯಲ್ಲಿ ಕೂಲಿ ಮಾಡುವ ತಂದೆ ಸಾಲ ಮಾಡಿ ಬಟ್ಟೆ ತರುವಂತಾಗುವುದು, ತರಲಾಗದ ಮಗು ಅಂದು ಶಾಲೆಗೇ ಬಾರದೆ ಉಳಿಯುವುದು ನೋವಿನ ಸಂಗತಿ. 24ರಂದು ಗೈರುಹಾಜರಾದ ಮಕ್ಕಳ ಹೆಸರನ್ನು ಪ್ರತಿ ಶಾಲೆಯೂ ಒಮ್ಮೆ ನೋಡಲಿ.

ಬೇರೆ ಧರ್ಮದ ಹಬ್ಬ ನಮ್ಮ ಮಗುವಿಗೆ ಏಕೆ ಎಂದು ಕೇಳುವ ಪೋಷಕರಿದ್ದಾರೆ. ಅವರ ಆತಂಕಕ್ಕೆ ಸಿಟ್ಟಾಗುವ ಬದಲು ಸ್ಪಷ್ಟ ಉತ್ತರ ಕೊಡುವುದು ಶಾಲೆಯ ಜವಾಬ್ದಾರಿ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪ್ರಾರ್ಥನೆಗೆ ಕೂರಿಸುವಂತಿಲ್ಲ. ನೆರೆಮನೆಯವರ ಹಬ್ಬ ಯಾವುದು, ಏಕೆ ಆಚರಿಸುತ್ತಾರೆ, ಏನು ಅಡುಗೆ ಮಾಡುತ್ತಾರೆ ಎಂದು ತಿಳಿಯುವುದು ಪ್ರಾರ್ಥನೆಯಲ್ಲ. ಯುಗಾದಿ, ರಂಜಾನ್, ಸಂಕ್ರಾಂತಿಗಳಿಗೆ ನಾವು ಇಟ್ಟುಕೊಂಡಿರುವ ಅಳತೆಯೇ ಇದಕ್ಕೂ ಇರಲಿ. ತರಗತಿಯಲ್ಲಿ ಕ್ರೈಸ್ತ ಮಗು ಒಂದೇ ಇದ್ದರೂ ಆ ದಿನ ತನ್ನ ಮನೆಯ ಹಬ್ಬವನ್ನು ಅದೇ ಹೇಳಲಿ. ವರ್ಷವಿಡೀ ಬೇರೆಯವರ ಹಬ್ಬದ ಕಥೆ ಕೇಳಿದ ಮಗುವಿಗೆ ಅಷ್ಟು ಹಕ್ಕು ಇದೆ.

ಶುಭಾಶಯ ಪತ್ರದ ಬಗ್ಗೆ ಒಂದು ಮಾತು. ಅಚ್ಚು ಹಾಕಿದ ಚಿತ್ರಕ್ಕೆ ಬಣ್ಣ ತುಂಬಿಸುವುದರ ಬದಲು ಅಂಚೆ ಕಾರ್ಡೊಂದರಲ್ಲಿ ಮೂರು ಸಾಲು ಬರೆಸಿ, ಬೇರೆ ಊರಿನಲ್ಲಿರುವ ಅಜ್ಜಿಗೋ ಮಾವನಿಗೋ ನಿಜವಾಗಿ ಕಳಿಸಬಹುದು. ವಿಳಾಸ ಬರೆಯುವುದು, 563101 ಎಂಬ ಆರು ಅಂಕಿಗಳಲ್ಲಿ ತಮ್ಮ ಊರು ಅಡಗಿದೆ ಎಂದು ತಿಳಿಯುವುದು, ಉತ್ತರಕ್ಕೆ ಕಾಯುವುದು ಎಲ್ಲವೂ ಕಲಿಕೆಯೇ. ಬಿಸಿಯೂಟದ ಅಡುಗೆಯವರಿಗೂ ಒಂದು ಕಾರ್ಡು ಹೋಗಲಿ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿಯಿಂದ ನಮ್ಮ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳು ಚಟುವಟಿಕೆಯ ಮೂಲಕ ಕಲಿಸುವುದನ್ನು ರೂಢಿಸಿಕೊಂಡಿವೆ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರವೂ ಇದೆ. ಆದ್ದರಿಂದ ಹೊಸ ಸುತ್ತೋಲೆಗಾಗಿ ಯಾರೂ ಕಾಯಬೇಕಾಗಿಲ್ಲ. ಆದರೆ ಡಿಸೆಂಬರ್ 20ಕ್ಕೆ ಎಚ್ಚೆತ್ತರೆ ಕೆಂಪು ಟೋಪಿ ಬಿಟ್ಟು ಬೇರೇನೂ ಸಾಧ್ಯವಾಗುವುದಿಲ್ಲ. ರಾಗಿ ಡಿಸೆಂಬರ್ 10ರೊಳಗೆ ಮಣ್ಣಿಗೆ ಬೀಳಬೇಕು, ಬಿದಿರು ಕಡ್ಡಿಗೆ ಅದಕ್ಕೂ ಮೊದಲೇ ಹೇಳಿರಬೇಕು. ಹಾಗಾಗಿ ನವೆಂಬರಿನ ಪೋಷಕರ ಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಿ. ಈ ಸಲ ಯಾರೂ ಏನನ್ನೂ ಕೊಂಡು ತರುವುದು ಬೇಡ, 24ರ ಮಧ್ಯಾಹ್ನ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ, ಮಕ್ಕಳು ತಮ್ಮ ಕೆಲಸವನ್ನು ತಾವೇ ವಿವರಿಸುತ್ತಾರೆ ಎಂದು ಮುಖ್ಯಶಿಕ್ಷಕರಿಂದ ಹೇಳಿಸಿ.