ಆ ಪಟ್ಟಿಯಲ್ಲಿ ಅಮ್ಮ ಇರಲಿಲ್ಲ

ಭಾನುವಾರ ಇಲ್ಲಿ ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯಲ್ಲಿ ಗೆಳತಿಯ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಊಟ ಮುಗಿಸಿ ಎಲ್ಲರೂ ಹಿತ್ತಲಿನ ನೆರಳಿನಲ್ಲಿ ಕುಳಿತಿದ್ದಾಗ ಒಬ್ಬರು, "ಏನೇ ಹೇಳಿ, ಲಾಕ್‌ಡೌನ್ ಕಾಲ ಚೆನ್ನಾಗಿತ್ತು. ಕುಟುಂಬವೆಲ್ಲ ಒಂದೇ ಸೂರಿನಡಿ ಇತ್ತು" ಎಂದರು. ನಾಲ್ಕಾರು ಜನ ಹೌದೆಂದು ತಲೆಯಾಡಿಸಿದರು. ನಾನು ಪಾಯಸದ ಬಟ್ಟಲು ಕೆಳಗಿಟ್ಟು ಒಳಗೆ ಎದ್ದು ಹೋದೆ. ಏಕೆ ಎದ್ದು ಹೋದೆಯೆಂದು ಕಾರಿನಲ್ಲಿ ಇವರು ಕೇಳಿದರು. ಆಗಲೂ ಗಂಟಲು ಕಟ್ಟಿತ್ತು. ಮೂರು ದಿನವಾದರೂ ಆ ಮಾತು ಎದೆಯಿಂದ ಇಳಿಯದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಕುಟುಂಬವೆಲ್ಲ ಎಂದರೆ ಯಾರು?

ಆಸ್ಟ್ರೇಲಿಯಾ 2020ರ ಮಾರ್ಚ್ 20ರಂದು ಹೊರಗಿನವರಿಗೆ ಗಡಿ ಮುಚ್ಚಿತು. ಕೆಲವೇ ದಿನಗಳಲ್ಲಿ, ಇಲ್ಲಿನ ನಾಗರಿಕರು ಮತ್ತು ಕಾಯಂ ನಿವಾಸಿಗಳು ಅನುಮತಿಯಿಲ್ಲದೆ ದೇಶ ಬಿಡುವಂತಿಲ್ಲ ಎಂದೂ ಆಯಿತು. ಒಳಗೆ ಬರಲು ಹತ್ತಿರದ ಕುಟುಂಬದವರಿಗೆ ಮಾತ್ರ ವಿನಾಯಿತಿ. ಆ ಪಟ್ಟಿಯಲ್ಲಿ ಗಂಡ ಅಥವಾ ಹೆಂಡತಿ ಇದ್ದರು, ಅವಲಂಬಿತ ಮಕ್ಕಳಿದ್ದರು, ಕಾನೂನುಬದ್ಧ ಪೋಷಕರಿದ್ದರು. ನಮ್ಮಂತಹ ದೊಡ್ಡವರ ತಂದೆ ತಾಯಿ ಇರಲಿಲ್ಲ. ಹೆತ್ತವಳು ಹತ್ತಿರದ ಕುಟುಂಬವಲ್ಲ ಎಂದು ಕಾಗದದ ಮೇಲೆ ಬರೆದಿಟ್ಟರು. 2021ರ ನವೆಂಬರ್ 1ರವರೆಗೆ ಅದು ಬದಲಾಗಲಿಲ್ಲ.

ನಾನು ಆಗ ಬಸುರಿ. ಅಮ್ಮನಿಗೆ ಫೆಬ್ರುವರಿಯಲ್ಲೇ ಜುಲೈ ತಿಂಗಳ ಟಿಕೆಟ್ ತೆಗೆದಿದ್ದೆವು. ಶಿವಮೊಗ್ಗದಲ್ಲಿ ಅವಳು ಬಾಣಂತನದ ಸಾಮಾನು ಜೋಡಿಸಲು ತೊಡಗಿದ್ದಳು: ಅಂಟು, ಒಣಕೊಬ್ಬರಿ, ಬಜೆ, ಹಳೆಯ ಹತ್ತಿ ಸೀರೆಗಳು. ವಿನಾಯಿತಿಗೆ ಮೂರು ಬಾರಿ ಅರ್ಜಿ ಹಾಕಿದೆ. ಮೂರು ಬಾರಿಯೂ ಅದೇ ಉತ್ತರ.

ಮಗಳು ಆಗಸ್ಟ್‌ನಲ್ಲಿ ಹುಟ್ಟಿದಳು. ಮೆಲ್ಬರ್ನ್‌ನಲ್ಲಿ ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ ಕರ್ಫ್ಯೂ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ದಿನಕ್ಕೆ ಮನೆಗೊಬ್ಬರೇ ಸಾಮಾನು ತರಬೇಕು. ನಾವಾಗ ಇದ್ದ ಕಡೆ ಭಾರತೀಯ ಅಂಗಡಿ ಎಂಟು ಕಿಲೋಮೀಟರ್ ದೂರದಲ್ಲಿತ್ತು. ಹತ್ತಿರದಲ್ಲೇ ಸೂಪರ್‌ಮಾರ್ಕೆಟ್ ಇರುವಾಗ ಅಂಟು ತರಲು ಹೊರಟೆನೆಂದು ಪೊಲೀಸರಿಗೆ ಹೇಗೆ ಹೇಳಲಿ ಎಂದು ಇವರು ಹೆದರಿದರು. ನನಗೆ ಅಂಟಿನುಂಡೆ ಸಿಗಲಿಲ್ಲ, ಸಬ್ಬಸಿಗೆ ಸೊಪ್ಪು ಸಿಗಲಿಲ್ಲ. ಹಸಿ ಮೈಯಲ್ಲಿ ನಿಂತು ನಾನೇ ಮೆಣಸಿನ ಸಾರು ಕುದಿಸಿಕೊಂಡೆ. ಮಗುವಿಗೆ ಎರೆಯುವುದನ್ನು ಅಮ್ಮ ಮೊಬೈಲ್‌ನಲ್ಲಿ ಹೇಳಿಕೊಡುತ್ತಿದ್ದಳು. ಒದ್ದೆ ಕೈಯಲ್ಲಿ ಮೊಬೈಲ್ ಮುಟ್ಟಲಾಗದೆ, ಅತ್ತ ಅಮ್ಮ "ಕತ್ತು ಹಿಡಿದುಕೋ, ಕತ್ತು" ಎಂದು ಕೂಗುತ್ತಿದ್ದರೆ ಇತ್ತ ನಾನೂ ಮಗುವೂ ಒಟ್ಟಿಗೆ ಅಳುತ್ತಿದ್ದೆವು. ಈ ಊರು ಆರು ಲಾಕ್‌ಡೌನ್‌ಗಳಲ್ಲಿ ಒಟ್ಟು 262 ದಿನ ಮುಚ್ಚಿತ್ತು. ಅದನ್ನು ಚೆನ್ನಾಗಿತ್ತು ಎನ್ನುವವರ ಮನೆಯಲ್ಲಿ ಆ ದಿನಗಳಲ್ಲಿ ಯಾರೂ ಹುಟ್ಟಿರಲಾರರು, ಯಾರೂ ಕಾಯಿಲೆ ಬಿದ್ದಿರಲಾರರು.

ಆ ನಿಯಮಗಳಿಂದಲೇ ಜನ ಉಳಿದರು ಎನ್ನುತ್ತೀರಿ. ಒಪ್ಪುತ್ತೇನೆ. 2020ರ ಕೊನೆಗೆ ಇಡೀ ಆಸ್ಟ್ರೇಲಿಯಾದಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 900 ಜನ. ಬೇರೆ ದೇಶಗಳನ್ನು ನೋಡಿದರೆ ಅದು ಸಣ್ಣ ಸಂಖ್ಯೆ. ಆದರೆ 2021ರ ಜನವರಿಯಲ್ಲಿ ಟೆನಿಸ್ ಟೂರ್ನಿಗಾಗಿ ಆಟಗಾರರು, ತರಬೇತುದಾರರು, ಸಿಬ್ಬಂದಿ ಎಂದು ಸಾವಿರಕ್ಕೂ ಹೆಚ್ಚು ಜನರನ್ನು ವಿಶೇಷ ವಿಮಾನಗಳಲ್ಲಿ ಕರೆತಂದು ಇದೇ ಮೆಲ್ಬರ್ನ್‌ನ ಹೋಟೆಲುಗಳಲ್ಲಿ ಹದಿನಾಲ್ಕು ದಿನ ಇರಿಸಿದರಲ್ಲ? ನನ್ನ ಅಮ್ಮನೂ ಹದಿನಾಲ್ಕು ದಿನ ಹೋಟೆಲಿನಲ್ಲಿ ಇರುತ್ತಿದ್ದಳು. ಅದರ ಖರ್ಚನ್ನು ನಾವೇ ಕೊಡುತ್ತಿದ್ದೆವು. ಗಡಿ ಮುಚ್ಚಿದ್ದಕ್ಕೆ ನನ್ನ ಸಿಟ್ಟಿಲ್ಲ. ಯಾರಿಗೆ ತೆರೆಯಬೇಕು ಎಂಬ ಪ್ರಶ್ನೆ ಬಂದಾಗ ತಾಯಿಯನ್ನು ಕುಟುಂಬದಿಂದಲೇ ಹೊರಗಿಟ್ಟರಲ್ಲ, ಅದಕ್ಕೆ ಸಿಟ್ಟು.

ಇನ್ನೊಂದು ಮಾತಿದೆ. ಇದುವರೆಗೆ ಯಾರಿಗೂ ಹೇಳಿಲ್ಲ.

2021ರ ಏಪ್ರಿಲ್ ಕೊನೆಯಲ್ಲಿ ಅಮ್ಮನಿಗೆ ಕೋವಿಡ್ ಆಯಿತು. ಎರಡು ದಿನ ಹುಡುಕಾಡಿ ತಮ್ಮ ಆಮ್ಲಜನಕವಿರುವ ಹಾಸಿಗೆ ಗಿಟ್ಟಿಸಿದ. "ಅಕ್ಕಾ, ಹೇಗಾದರೂ ಬಾ" ಎಂದ. ಅದೇ ವಾರ ಭಾರತದಿಂದ ಇಲ್ಲಿಗೆ ಬರುವ ವಿಮಾನಗಳನ್ನು ನಿಲ್ಲಿಸಿದ್ದರು. ಭಾರತದಲ್ಲಿದ್ದು ಹದಿನಾಲ್ಕು ದಿನದೊಳಗೆ ಇಲ್ಲಿಗೆ ಬಂದರೆ, ನಾಗರಿಕರೇ ಆದರೂ, ಐದು ವರ್ಷದವರೆಗೆ ಜೈಲು ಅಥವಾ 66,600 ಡಾಲರ್‌ವರೆಗೆ ದಂಡ ಎಂದು ಸಾರಿದರು. ದೇಶ ಬಿಡಲು ಅನುಮತಿ ಕೋರುವ ಅರ್ಜಿಯನ್ನು ನಾನು ಪೂರ್ತಿ ತುಂಬಿದೆ. ಕಳಿಸಲಿಲ್ಲ. ತೊಡೆಯ ಮೇಲೆ ಎಂಟು ತಿಂಗಳ ಮಗು ಹಾಲು ಕುಡಿಯುತ್ತಿತ್ತು. ಹೋದರೆ ಎಂದು ಮರಳುತ್ತೇನೋ ತಿಳಿಯದು. ತಮ್ಮನಿಗೆ ಫೋನ್ ಮಾಡಿ, "ಅನುಮತಿ ಕೊಡಲಿಲ್ಲ ಕಣೋ" ಎಂದೆ. ಸುಳ್ಳು ಹೇಳಿದೆ. ಅಮ್ಮ ಉಳಿದಳು. ಉಳಿಯದೆ ಹೋಗಿದ್ದರೆ ಆ ಸುಳ್ಳನ್ನು ಹೊತ್ತುಕೊಂಡು ನಾನು ಹೇಗೆ ಬದುಕುತ್ತಿದ್ದೆನೋ ತಿಳಿಯದು. ತಾಯಿ ಮಗುವಿನ ನಡುವೆ ಒಬ್ಬರನ್ನು ಆರಿಸು ಎಂದು ಒಬ್ಬ ಹೆಂಗಸನ್ನು ಕೂರಿಸಿದ ಕಾಲ ಅದು. ಅದನ್ನು ಸವಿನೆನಪು ಎನ್ನಬೇಡಿ, ಕೈಮುಗಿಯುತ್ತೇನೆ.

2022ರ ಮಾರ್ಚ್‌ನಲ್ಲಿ, ಲಸಿಕೆ ಪಡೆದ ಎಲ್ಲರಿಗೂ ಗಡಿ ತೆರೆದ ಮೇಲೆ, ಅಮ್ಮ ಬಂದಳು. ಸೂಟ್‌ಕೇಸಿನ ತಳದಲ್ಲಿ ಸೀರೆ ಕತ್ತರಿಸಿ ಹೊಲಿದ ನಾಲ್ಕು ಕುಲಾವಿಗಳಿದ್ದವು. ಮಗಳಿಗೆ ಒಂದೂವರೆ ವರ್ಷ ದಾಟಿತ್ತು. ಒಂದೂ ತಲೆಗೆ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮ ಎಣ್ಣೆ ಬಿಸಿ ಮಾಡಿಕೊಂಡು ಬಂದಳು. ನಾನು ಮಗಳನ್ನು ಎತ್ತಿಕೊಂಡೆ. "ಅವಳು ಇರಲಿ, ಮೊದಲು ನೀನು ಕುಳಿತುಕೋ" ಎಂದಳು. ಸ್ನಾನದ ಮನೆಯಲ್ಲಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ, ಬೆನ್ನಿಗೆ, ಸೊಂಟಕ್ಕೆ ಹಚ್ಚಿ ತಿಕ್ಕಿದಳು. ಅದು ನನ್ನ ಬಾಣಂತನದ ಮೊದಲ ಎಣ್ಣೆನೀರು. ತಿಕ್ಕುತ್ತಾ, "ನಾನು ಮಲಗಿದ್ದಾಗಲೂ ನಿನ್ನನ್ನು ಕಳಿಸದೆ ಹೋದರಲ್ಲ" ಎಂದಳು. ನಾನು ತಲೆ ಬಗ್ಗಿಸಿಕೊಂಡು ಸುಮ್ಮನಿದ್ದೆ.

ಅಮ್ಮ ಫೇಸ್‌ಬುಕ್ ನೋಡುವುದಿಲ್ಲ. ತಮ್ಮ ನೋಡುತ್ತಾನೆ. ಅವನು ಹೇಳುವ ಮೊದಲು ನಾನೇ ಫೋನ್ ಮಾಡಬೇಕು. ಅಲ್ಲಿ ಬೆಳಕು ಹರಿಯಲಿ ಎಂದು ಕಾಯುತ್ತಿದ್ದೇನೆ.