ಮೊದಲು ಸ್ಪೀಕರ್, ಆಮೇಲೆ ಕೋಣೆ
ಮನೆಯಲ್ಲಿ ಸಂಗೀತ ಕೇಳೋಕೆ ಸ್ಟೀರಿಯೊ ಕೊಳ್ಳುವಾಗ ಸ್ಪೀಕರ್‌ಗಿಂತ ಆಂಪ್ಲಿಫೈಯರ್ (ಸ್ಪೀಕರಿಗೆ ಶಕ್ತಿ ಕೊಡೋ ಪೆಟ್ಟಿಗೆ) ಮುಖ್ಯ ಅಂತ ಒಂದು ಲೇಖನದಲ್ಲಿ ಓದಿದೆ, ಒಪ್ಪೋದು ಕಷ್ಟ. ಬಜೆಟ್ 40 ಸಾವಿರ ರೂಪಾಯಿಯಾದರೆ 25 ಸಾವಿರ ಸ್ಪೀಕರಿಗೇ ಇಡಿ. ಆಮೇಲೆ ಕೋಣೆ. ಮೈಸೂರಿನ ಅಗ್ರಹಾರದ ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಬೋಳು ಗೋಡೆಗೆ ಶಬ್ದ ಪುಟಿದು ಪಿಟೀಲು ಕರ್ಕಶವಾಗುತ್ತೆ. ದಪ್ಪ ಜಮಖಾನ, ಪರದೆ, ತುಂಬಿದ ಪುಸ್ತಕದ ಕಪಾಟು ಇದ್ದರೆ ಎಷ್ಟೋ ವಾಸಿ. ಸ್ಪೀಕರನ್ನು ಮೂಲೆಗೆ ತಳ್ಳಿದಿರೋ, ಮೃದಂಗದ ಎಡಗೈ ಪೆಟ್ಟೆಲ್ಲ ಗುಂಯ್‌ಗುಡುತ್ತೆ. ಹಿಂಗೋಡೆಯಿಂದ ಎರಡಡಿ ಮುಂದಿಡಿ, ಟ್ವೀಟರ್ (ಸ್ಪೀಕರಿನಲ್ಲಿ ಏರುಸ್ವರ ನುಡಿಸೋ ಚಿಕ್ಕ ಭಾಗ) ಕಿವಿಯ ಮಟ್ಟಕ್ಕಿರಲಿ. ಆಂಪ್ಲಿಫೈಯರಿನ ವ್ಯಾಟ್‌ಗೆ ಮರುಳಾಗಬೇಡಿ: 50ರಿಂದ 100ಕ್ಕೆ ಹೋದರೂ ಹೆಚ್ಚೋದು ಬರೇ 3 ಡೆಸಿಬಲ್, ಕಿವಿಗೆ ತುಸುವೇ ಜೋರು. ಸ್ಪೀಕರಿಗೆ ಎಳೆಯೋ ಕೇಬಲ್? ಐದು ಮೀಟರಿನೊಳಗೆ 2.5 ಚದರ ಮಿ.ಮೀ. ತಾಮ್ರದ ತಂತಿ ಧಾರಾಳ. ಒಂದು ಸ್ಪೀಕರಲ್ಲಿ ಮಾತ್ರ ಪ್ಲಸ್-ಮೈನಸ್ ತಂತಿ ಅದಲುಬದಲಾದರೆ ಬಾಸ್ (ತಗ್ಗುಸ್ವರ) ಮಾಯ, ಮೊದಲು ಅದನ್ನ ನೋಡಿ.