ಓಕ್ ಮರಕ್ಕೆ ಸುಣ್ಣ

ಹೋದ ಬೇಸಿಗೆಯಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಓಹಾಯೋಗೆ ಬಂದಾಗ ನಮ್ಮ ಊಟದ ಮೇಜಿನ ಮೇಲೆ ಬಣ್ಣದಂಗಡಿಯ ಹದಿನಾಲ್ಕು ಚೀಟಿಗಳು ಹರಡಿದ್ದವು. ಹದಿನಾಲ್ಕೂ ಬಿಳಿ. ಒಂದಕ್ಕೆ ಹತ್ತಿಯ ಹೆಸರು, ಇನ್ನೊಂದಕ್ಕೆ ಹಿಮದ ಹೆಸರು, ಮತ್ತೊಂದಕ್ಕೆ ಮಜ್ಜಿಗೆಯ ಹೆಸರು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದರು. "ಇದೆಲ್ಲ ಒಂದೇ ಅಲ್ವೇನೋ?" ಅಂದರು. ಅಡುಗೆಮನೆಯ ಕಪಾಟುಗಳಿಗೆ ಬಳಿಸೋಕೆ ಅಂದೆ. ಎದ್ದು ಹೋಗಿ ಕಪಾಟಿನ ಬಾಗಿಲನ್ನು ಬೆರಳಲ್ಲಿ ತಟ್ಟಿ ನೋಡಿದರು. "ಇಷ್ಟು ಚೆಂದದ ಮರಕ್ಕೆ ಸುಣ್ಣ ಬಳಿಯೋದಾ? ಯಾರು ಕಲಿಸಿದ್ದು ಮಾರಾಯ ನಿಂಗೆ?"

ಯಾರೂ ಕಲಿಸಿದ್ದಲ್ಲ. ಇಲ್ಲಿ ಎಲ್ಲರೂ ಮಾಡುತ್ತಾರೆ, ಅಷ್ಟೇ. ನಮ್ಮ ಮನೆ 1994ರದ್ದು. ಎಂಬತ್ತು, ತೊಂಬತ್ತರ ದಶಕದಲ್ಲಿ ಅಮೆರಿಕದ ಬಡಾವಣೆಗಳಲ್ಲಿ ಕಟ್ಟಿದ ಮನೆಗಳ ಅಡುಗೆಮನೆಗೆ ಹೋಗಿ ನೋಡಿ. ಜೇನುತುಪ್ಪದ ಬಣ್ಣದ ಓಕ್ ಕಪಾಟು, ಕಮಾನಿನ ಆಕಾರದ ಬಾಗಿಲು, ಹಿತ್ತಾಳೆ ಬಣ್ಣದ ಹಿಡಿಕೆ. ನಮ್ಮಲ್ಲೂ ಅದೇ, ಎದುರು ಮನೆಯಲ್ಲೂ ಅದೇ. ಮೂವತ್ತು ವರ್ಷ ನೋಡಿ ನೋಡಿ ಜನಕ್ಕೆ ಸಾಕಾಗಿದೆ. ಹಾಗಾಗಿ ಬಿಳಿ. ಇನ್ನು ಇಪ್ಪತ್ತು ವರ್ಷಕ್ಕೆ ಬಿಳಿಯೂ ಸಾಕಾಗುತ್ತದೆ, ಆಗ ನೋಡೋಣ ಅನ್ನೋ ಧೈರ್ಯ ಇಲ್ಲಿಯವರದ್ದು.

ಅಮ್ಮನ ಪ್ರಶ್ನೆಯಿಂದ ನನಗೊಂದು ವಿಚಿತ್ರ ಹೊಳೆಯಿತು. ನಮ್ಮೂರಲ್ಲಿ ಮನೆಯ ಒಳ್ಳೆಯ ಮರವೆಲ್ಲ ಹೆಬ್ಬಾಗಿಲಿಗೆ ಹೋಗುತ್ತದೆ. ಚೇಗು ಬಂದ ಹಲಸು, ಇಲ್ಲಾ ತೇಗ. ದುಡ್ಡಿದ್ದವರು ಕೆತ್ತನೆ ಮಾಡಿಸುತ್ತಾರೆ. ಅಡುಗೆಮನೆಗೆ ಏನಿತ್ತು? ಗೋಡೆಯಲ್ಲೇ ಬಿಟ್ಟ ಗೂಡು, ಎರಡು ಕಡಪ ಕಲ್ಲಿನ ಹಲಗೆ, ಉಪ್ಪಿನಕಾಯಿ ಜಾಡಿ ಇಡಲು ಒಂದು ಹಳೇ ಪೆಟ್ಟಿಗೆ. ಒಲೆಯ ಹೊಗೆಗೆ ಎಲ್ಲ ಕಪ್ಪಾಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಪೂರ್ತಿ ಉಲ್ಟಾ. ನನ್ನ ಮನೆಯ ಮುಂಬಾಗಿಲು ತಗಡಿನದು. ಉಕ್ಕಿನ ತಗಡು, ಒಳಗೆ ಫೋಮ್. ಮರ ಇರುವುದು ಅಡುಗೆಮನೆಯಲ್ಲಿ. ಊರಲ್ಲಿ ಮನೆಗೆ ಬಂದವರಿಗೆ ಮೊದಲು ಕಾಣುವುದು ಹೆಬ್ಬಾಗಿಲು. ಇಲ್ಲಿ ಮನೆ ಕೊಳ್ಳಲು ಬಂದವರು ನೇರ ಅಡುಗೆಮನೆಗೇ ನುಗ್ಗುತ್ತಾರೆ.

ನಾವೇನು ಮರವನ್ನು ದೇವರ ಹಾಗೆ ನೋಡಿಕೊಂಡವರು ಅಂತ ಬೀಗುವ ಹಾಗಿಲ್ಲ ಮತ್ತೆ. ನಮ್ಮಜ್ಜನ ಮನೆಯ ಕಿಟಕಿ ಬಾಗಿಲುಗಳಿಗೆ ಮನೆಯಲ್ಲಿ ಮದುವೆ ಬಂದಾಗಲೆಲ್ಲ ಆಯಿಲ್ ಪೇಂಟ್ ಬೀಳುತ್ತಿತ್ತು. ದೊಡ್ಡತ್ತೆ ಮದುವೆಗೆ ಹಸಿರು, ಚಿಕ್ಕತ್ತೆ ಮದುವೆಗೆ ನೀಲಿ. ಪೂಜೆ ಮಾಡುವ ಹೊಸ್ತಿಲಿಗೂ ಬಿಡಲಿಲ್ಲ. ದಿನಾ ಅರಿಶಿನ ಹಚ್ಚುವ ಕೆಲಸ ತಪ್ಪಲಿ ಅಂತ ಹಳದಿ ಎನಾಮಲ್ ಬಳಿದು, ಬಿಳಿ ಪೇಂಟಿನಲ್ಲಿ ರಂಗೋಲಿಯನ್ನೂ ಖಾಯಂ ಬರೆಸಿದ್ದರು! ಈಗ ಅಣ್ಣನ ಮಗ ಆ ಮನೆ ರಿಪೇರಿ ಮಾಡಿಸುವಾಗ ಪೇಂಟ್ ಕೆರೆಸಿದ್ದಾನೆ. ಬಳಿದ ಕೂಲಿಗಿಂತ ಕೆರೆದ ಕೂಲಿ ಜಾಸ್ತಿ. ಬಾಗಿಲ ಚೌಕಟ್ಟಿನ ಮೂಲೆ, ಕೆತ್ತನೆಯ ಸಂದುಗಳಲ್ಲಿ ಹಸಿರು ಇನ್ನೂ ಕೂತಿದೆ. ಎಷ್ಟು ಕೆರೆದರೂ ಅದು ಬರಲಿಲ್ಲ.

ನನ್ನ ತಕರಾರು ಇಲ್ಲಿಂದಲೇ ಶುರು. ಬಣ್ಣ ಬಳಿಯುವುದು ಒಂದು ವಾರದ ಕೆಲಸ. ತೆಗೆಯುವುದು ಆಗದ ಕೆಲಸ. ಅದರಲ್ಲೂ ಓಕ್ ಮರದಲ್ಲಿ.

ಓಕ್‌ನ ಮೈ ತುಂಬ ಕಣ್ಣಿಗೆ ಕಾಣುವ ತೂತುಗಳು. ಪ್ರತಿ ವರ್ಷ ಹೊಸ ಉಂಗುರ ಬೆಳೆಯುವ ಶುರುವಿನಲ್ಲಿ ದೊಡ್ಡ ಕೊಳವೆಗಳ ಸಾಲು ಮೂಡುತ್ತದೆ. ಮರ ಕೊಯ್ದಾಗ ಅವೇ ಉದ್ದುದ್ದ ಗೀರುಗಳಾಗಿ ಕಾಣುತ್ತವೆ. ಉಗುರಾಡಿಸಿದರೆ ಕೈಗೆ ಸಿಗುತ್ತವೆ. ಬಣ್ಣ ಬಳಿದರೆ ಬಣ್ಣ ಮಾತ್ರ ಬದಲಾಗುತ್ತದೆ, ಗೀರು ಹಾಗೇ ಉಳಿಯುತ್ತದೆ. ಜಾಹೀರಾತಿನ ಆ ನುಣುಪು ಬಿಳಿ ಬೇಕಾದರೆ ಮೊದಲು ಆ ತೂತುಗಳಿಗೆಲ್ಲ ಪುಟ್ಟಿ ತುಂಬಿ, ತಿಕ್ಕಿ, ಮತ್ತೆ ತುಂಬಿ, ಮತ್ತೆ ತಿಕ್ಕಬೇಕು. ಮೇಪಲ್ ಮರವಾದರೆ ಈ ಗೋಳಿಲ್ಲ, ಅದರ ತೂತುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಹಾಗಾಗಿ "ಮರದ ಕಪಾಟಿಗೆ ಬಣ್ಣ ಬಳಿಯಲಾ?" ಅಂತ ಯಾರಾದರೂ ಕೇಳಿದರೆ "ಯಾವ ಮರ?" ಅನ್ನುವುದು ನನ್ನ ಮೊದಲ ಪ್ರಶ್ನೆ. ಇಲ್ಲಿ ಬಹಳ ಜನಕ್ಕೆ ಆ ಪ್ರಶ್ನೆಯೇ ಬರುವುದಿಲ್ಲ. ಅವರು ಯಾವ ಬಿಳಿ ಅಂತ ಕೇಳುತ್ತಾರೆ.

ಇನ್ನೊಂದು ತಾಪತ್ರಯ ಓಕ್‌ನೊಳಗಿನ ಟ್ಯಾನಿನ್. ಚಹಾದಲ್ಲಿ ಒಗರು ಇರುತ್ತದಲ್ಲ, ಅದೇ ಜಾತಿ. ನೀರು ಬೆರೆತ ಪೇಂಟನ್ನು ನೇರವಾಗಿ ಬಳಿದರೆ ಆ ಒಗರು ಕರಗಿ ಮೇಲೆ ಬಂದು ಬಿಳಿಯ ಮೇಲೆ ಚಹಾ ಚೆಲ್ಲಿದಂಥ ಕಲೆ ಮೂಡಿಸುತ್ತದೆ. ನನ್ನ ಗೆಳೆಯನೊಬ್ಬ ಗೋಡೆಗೆ ತಂದು ಉಳಿದಿದ್ದ ಪೇಂಟನ್ನೇ ಒಂದು ವಾರಾಂತ್ಯದಲ್ಲಿ ಕಪಾಟಿಗೂ ಬಳಿದು ಮುಗಿಸಿದ. ಮೂರು ತಿಂಗಳಿಗೆ ಕಲೆ ಬಂತು. ವರ್ಷದೊಳಗೆ ಹಿಡಿಕೆಯ ಸುತ್ತ ಪದರ ಎದ್ದು ಹೋಯಿತು. ಈಗ ಅವನ ಅಡುಗೆಮನೆಗೆ ಹೋದರೆ ನನ್ನ ಕಣ್ಣು ಹಿಡಿಕೆಗಳ ಮೇಲೇ ಹೋಗುತ್ತದೆ. ಅವನು ಬೇಗ ಬೇಗ ಕಾಫಿ ಕೊಟ್ಟು ನಡುಮನೆಗೆ ಕರೆದುಕೊಂಡು ಬರುತ್ತಾನೆ.

ಈ ಒಗರನ್ನು ತಡೆಯುವ ಮದ್ದು ಯಾವುದು ಅಂತ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಶೆಲಾಕ್ ಪ್ರೈಮರ್, ಪೇಂಟಿಗೂ ಮೊದಲು ಬಳಿಯುವ ತಳಪದರ. ಶೆಲಾಕ್ ಅಂದರೆ ಬೇರೇನಲ್ಲ, ಅರಗು. ಮರದ ರೆಂಬೆಯ ಮೇಲೆ ಪುಟ್ಟ ಹುಳಗಳು ಸುರಿಸುವ ಅಂಟು. ಅದು ಬೆಳೆಯುವುದು ಮುಖ್ಯವಾಗಿ ಭಾರತ ಮತ್ತು ಥಾಯ್ಲೆಂಡಿನಲ್ಲಿ. ಚನ್ನಪಟ್ಟಣದಲ್ಲಿ ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರಲ್ಲ, ತಿಕ್ಕಾಟದ ಬಿಸಿಗೇ ಕರಗಿ ಮರಕ್ಕೆ ಅಂಟಿಕೊಳ್ಳುತ್ತದಲ್ಲ, ಅದೇ ಅರಗು. ಡಬ್ಬಿಯ ಮುಚ್ಚಳ ತೆಗೆದಾಗ ಗಪ್ಪಂತ ಸ್ಪಿರಿಟ್ ವಾಸನೆ ಹೊಡೆಯಿತು. ನಮ್ಮೂರ ಆಚಾರಿ ಕುರ್ಚಿಗೆ ಪಾಲಿಶ್ ಹಚ್ಚುವಾಗ ಜಗಲಿ ತುಂಬ ಬರುತ್ತಿದ್ದ ಅದೇ ವಾಸನೆ. ಅವನೂ ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬಟ್ಟೆಯುಂಡೆಯಲ್ಲಿ ಅದ್ದಿ ತಿಕ್ಕುತ್ತಿದ್ದ. ವ್ಯತ್ಯಾಸ ಒಂದೇ. ಅವನು ಅರಗು ಹಚ್ಚುತ್ತಿದ್ದದ್ದು ಮರದ ಗೆರೆ ಎದ್ದು ಕಾಣಲಿ ಅಂತ. ಇಲ್ಲಿ ಹಚ್ಚುವುದು ಮರ ಪತ್ತೆಯೇ ಆಗದಿರಲಿ ಅಂತ.

ಇನ್ನು ಲೆಕ್ಕ. ನಮ್ಮಲ್ಲಿ 22 ಬಾಗಿಲು, 9 ಡ್ರಾಯರ್. ಬಾಗಿಲಿಗೆ ಎರಡು ಮುಖ, ಅಂದರೆ 44. ಡ್ರಾಯರಿನ ಮುಖ ಸೇರಿ 53. ಎರಡು ಸಲ ಪ್ರೈಮರ್, ಎರಡು ಸಲ ಪೇಂಟ್ ಅಂದರೆ 212 ಸಲ ಕುಂಚ ಹಿಡಿಯಬೇಕು. ಅದಕ್ಕೂ ಮೊದಲು ಜಿಡ್ಡು ತೊಳೆಯುವುದು, ಉಜ್ಜುವುದು, ಯಾವ ಬಾಗಿಲು ಎಲ್ಲಿಯದು ಅಂತ ನಂಬರ್ ಬರೆಯುವುದು. ಕೆಲವು ಗಟ್ಟಿ ಎನಾಮಲ್‌ಗಳಿಗೆ ಎರಡು ಪದರದ ನಡುವೆ 16 ಗಂಟೆ ಬಿಡಬೇಕು. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಪೂರ್ತಿ ಗಟ್ಟಿಯಾಗಲು ತಿಂಗಳು ಬೇಕು. ಕೆಲಸದವರನ್ನು ಕೇಳಿದೆ, 5,800 ಡಾಲರ್ ಅಂದರು. ಅಮ್ಮನಿಗೆ ರೂಪಾಯಿ ಲೆಕ್ಕ ಹೇಳಲಿಲ್ಲ.

ಓಹಾಯೋದಲ್ಲಿ ಪೇಂಟ್ ಬೇಡ ಅನ್ನುವುದೂ ಸ್ವಲ್ಪ ಕಷ್ಟವೇ. ಶೆರ್ವಿನ್-ವಿಲಿಯಮ್ಸ್ ಅನ್ನುವ ಪೇಂಟ್ ಕಂಪನಿ 1866ರಲ್ಲಿ ಶುರುವಾಗಿದ್ದು ಇಲ್ಲೇ ಕ್ಲೀವ್‌ಲ್ಯಾಂಡಿನಲ್ಲಿ. ಭೂಗೋಳದ ನೆತ್ತಿಯ ಮೇಲೆ ಡಬ್ಬಿಯಿಂದ ಪೇಂಟ್ ಸುರಿಯುವ ಚಿತ್ರ ಅವರ ಗುರುತು. ಭೂಮಿಗೇ ಬಳಿಯುವವರಿಗೆ ನಮ್ಮ ಅಡುಗೆಮನೆ ಯಾವ ಲೆಕ್ಕ!

ಇಷ್ಟೆಲ್ಲ ಹೇಳಿದ ಮೇಲೆ ಹೆಂಡತಿಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಅವಳು ಅಮ್ಮನಿಗೆ ಹೇಳಿದಳು: "ಅತ್ತೆ, ನೀವು ಬೇಸಿಗೇಲಿ ಬಂದಿದ್ದೀರಿ. ಡಿಸೆಂಬರಲ್ಲಿ ಐದು ಗಂಟೆಗೇ ಕತ್ತಲಾಗುತ್ತೆ. ಆಗ ಈ ಕಂದು ಕಪಾಟು, ಕಂದು ನೆಲದ ಮಧ್ಯೆ ನಿಂತು ಚಪಾತಿ ಲಟ್ಟಿಸಿ ನೋಡಿ." ಅದು ನಿಜ. ನಾನು ಮರ, ಗೆರೆ, ಚೇಗು ಅಂತೆಲ್ಲ ಮಾತಾಡುವುದು ಸೋಫಾದ ಮೇಲೆ ಕೂತು. ಒಲೆ ಮುಂದೆ ನಿಲ್ಲುವುದು ಅವಳು.

ಆದರೆ ಒಲೆಯ ವಿಷಯವೇ ಬಿಳಿಗೆ ಎದುರಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಒಲೆಯ ಮೇಲಿರುವುದು ಮೈಕ್ರೋವೇವ್. ಅದರ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಜಾಲರಿಯಲ್ಲಿ ಸೋಸಿ ಮತ್ತೆ ನಮ್ಮ ಮುಖಕ್ಕೇ ಊದುತ್ತದೆ. ಮೊಟ್ಟೆ ಬೇಯಿಸುವವರಿಗೆ ಅದು ಸಾಕು. ದಿನಕ್ಕೆ ಎರಡು ಒಗ್ಗರಣೆ, ವಾರಕ್ಕೊಂದು ಸಲ ಬೋಂಡ ಕರಿಯುವವರಿಗೆ ಸಾಲದು. ಎಣ್ಣೆಯ ಆವಿ ಹೋಗಿ ಕಪಾಟಿನ ಮೇಲಂಚಿಗೆ ಕೂರುತ್ತದೆ, ಅದರ ಮೇಲೆ ಧೂಳು. ಅರಿಶಿನದ ಕೈ ಬಾಗಿಲಿಗೆ ತಗಲುವುದಂತೂ ಇದ್ದದ್ದೇ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ ನಿಜ, ಬಟ್ಟೆಯಾದರೆ ಬಿಸಿಲಿಗೆ ಹಾಕಬಹುದು. ಕಪಾಟನ್ನು ಎಲ್ಲಿ ಒಣಹಾಕೋಣ? ಜೇನು ಬಣ್ಣದ ಓಕ್ ಈ ಎಲ್ಲ ಪಾಪವನ್ನೂ ಹೊಟ್ಟೆಗೆ ಹಾಕಿಕೊಂಡಿತ್ತು.

ಮತ್ತೆ ಇಲ್ಲಿಯ ಚಳಿಗಾಲ. ಆರು ತಿಂಗಳು ಹೀಟರ್ ಓಡಿದರೆ ಮನೆಯ ಗಾಳಿ ಒಣಗಿ ಮರ ಕುಗ್ಗುತ್ತದೆ, ಬೇಸಿಗೆಯ ತೇವಕ್ಕೆ ಉಬ್ಬುತ್ತದೆ. ಹಲಗೆ ಅಲುಗಾಡಲಿ ಅಂತಲೇ ಅದನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಕೂರಿಸಿರುತ್ತಾರೆ. ಮೇಲಿನ ಪೇಂಟಿಗೆ ಇದು ಗೊತ್ತಿಲ್ಲವಲ್ಲ. ಸಂದುಗಳಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಬಿಳಿಯ ಮೇಲೆ ಅದು ಚೆನ್ನಾಗಿ ಕಾಣುತ್ತದೆ.

ಇಷ್ಟಾಗಿಯೂ ಜನ ಬಳಿಸುತ್ತಾರೆ ಯಾಕೆ? ಮಾರಾಟಕ್ಕೆ. ಇಲ್ಲಿ ಬಹಳ ಜನ ತಮ್ಮ ಅಡುಗೆಮನೆಯನ್ನು ಮುಂದೆ ಅದನ್ನು ಕೊಳ್ಳುವವನ ಕಣ್ಣಿಂದ ನೋಡುತ್ತಾರೆ. ಮನೆ ಮಾರುವ ಏಜೆಂಟ್ ಬಂದು "ಓಕ್ ಹಳೇ ಕಾಲದ್ದು" ಅಂದರೆ ಮುಗಿಯಿತು. ಅಜ್ಜ ಹೆಬ್ಬಾಗಿಲು ಮಾಡಿಸುವಾಗ ಕೊಳ್ಳುವವನು ಅವನ ತಲೆಯಲ್ಲೇ ಇರಲಿಲ್ಲ. ಮೊಮ್ಮಗ ಇದ್ದ. ಆ ಮೊಮ್ಮಗ ಓಹಾಯೋಗೆ ಹೋಗಿ ತಗಡಿನ ಬಾಗಿಲಿನ ಮನೆ ಕೊಳ್ಳುತ್ತಾನೆ ಅಂತ ಅಜ್ಜನಿಗೇನು ಗೊತ್ತು, ಬಿಡಿ. ಹಾಗಂತ ಊರಿನ ರೀತಿಯೇ ಮೇಲು ಅನ್ನೋಕೆ ಬೆಂಗಳೂರಿನ ನನ್ನ ತಂಗಿಯ ಮನೆ ಅಡ್ಡ ಬರುತ್ತದೆ. ಅವಳ ಮಾಡ್ಯುಲರ್ ಕಿಚನ್‌ನಲ್ಲಿ ಮರವೇ ಇಲ್ಲ, ಪ್ಲೈವುಡ್ಡಿನ ಮೇಲೆ ಹೊಳೆಯುವ ಬಿಳಿ ಲ್ಯಾಮಿನೇಟ್. ಅದನ್ನು ನೋಡಿ ಅಮ್ಮ ಒಂದು ಮಾತೂ ಆಡಲಿಲ್ಲ.

ನಮ್ಮ ಕಪಾಟನ್ನೂ ಬಿಚ್ಚಿ ನೋಡಿದೆ. ನಾನು ಅಷ್ಟು ಹೊಗಳುವ ಮರ ಇರುವುದು ಬಾಗಿಲಿನಲ್ಲಿ, ಮುಂದಿನ ಚೌಕಟ್ಟಿನಲ್ಲಿ ಮಾತ್ರ. ಪಕ್ಕದ ಹಲಗೆಗಳೆಲ್ಲ ಮರದ ಪುಡಿ ಒತ್ತಿ ಮಾಡಿದ್ದು, ಮೇಲೆ ತೆಳು ಓಕ್ ಹಾಳೆ. ಅಮ್ಮನಿಗೆ ಇದನ್ನೂ ಹೇಳಲಿಲ್ಲ.

ಕೊನೆಗೆ ಫ್ರಿಜ್ಜಿನ ಮೇಲಿನ, ಯಾರೂ ತೆಗೆಯದ ಬಾಗಿಲೊಂದನ್ನು ಕಳಚಿ ಅದಕ್ಕೆ ಮಾತ್ರ ಬಳಿದೆವು. ತೊಳೆದು, ಉಜ್ಜಿ, ಅರಗಿನ ಪ್ರೈಮರ್ ಹಚ್ಚಿ, ಮಜ್ಜಿಗೆ ಬಿಳಿ. ಪುಟ್ಟಿ ತುಂಬಲಿಲ್ಲ. ಒಣಗಿದ ಮೇಲೆ ಸಂಜೆ ಬೆಳಕಿಗೆ ಹಿಡಿದರೆ ಗೀರುಗಳೆಲ್ಲ ಎದ್ದು ಬಂದಿದ್ದವು. "ಬಿಳಿ ಓಕ್ ಆಯ್ತು, ಬಿಳಿ ಅಡುಗೆಮನೆ ಆಗಲಿಲ್ಲ" ಅಂದಳು ಹೆಂಡತಿ. ತೀರ್ಮಾನ ಅವಳದ್ದೇ. ಗೋಡೆಗೆ ತಿಳಿ ಬಣ್ಣ, ಕಪಾಟಿನ ಕೆಳಗೆ ಸಾಲು ದೀಪ, ಹೊಸ ಕಪ್ಪು ಹಿಡಿಕೆ, ಮೈಕ್ರೋವೇವ್ ತೆಗೆದು ಹೊಗೆ ಹೊರಗೆ ಹೋಗುವ ಹುಡ್. ಸಿಂಕಿನ ಕೆಳಗಿನ ಎರಡು ಬಾಗಿಲು ನೀರು ಕುಡಿದು ಕಪ್ಪಾಗಿದ್ದವು, ಅವಕ್ಕೆ ಮಾತ್ರ ಕಡು ಹಸಿರು. ಅಲ್ಲಿ ಬಣ್ಣಕ್ಕೆ ಕೆಲಸವಿತ್ತು. ಅಜ್ಜನ ಮನೆ ಕಿಟಕಿಯ ಹಸಿರೇ ಅದು, ನಾನು ಬೇಕಂತ ಆರಿಸಿದ್ದಲ್ಲ.

ಅಮ್ಮ ಖುಷಿಯಾಗಿ ಒಂದು ಮಧ್ಯಾಹ್ನ ಉಳಿದ ಬಾಗಿಲುಗಳಿಗೆಲ್ಲ ತೆಂಗಿನೆಣ್ಣೆ ತಿಕ್ಕಿದರು. ಕಪಾಟಿನ ಮೇಲೆ ಮೊದಲೇ ಲ್ಯಾಕರ್ ಪದರ ಇದೆ, ಎಣ್ಣೆ ಒಳಗಿಳಿಯುವುದಿಲ್ಲ, ತೆಂಗಿನೆಣ್ಣೆ ಒಣಗುವುದೂ ಇಲ್ಲ ಅಂತ ಹೇಳುವಷ್ಟರಲ್ಲಿ ಹದಿನೇಳನೇ ಬಾಗಿಲು ಮುಗಿದಿತ್ತು. ಅವರು ಊರಿಗೆ ಹೊರಟ ಮೇಲೆ ನಾನೂ ಹೆಂಡತಿಯೂ ಎರಡು ದಿನ ಸೋಪಿನ ನೀರಲ್ಲಿ ಒರೆಸಿದೆವು.